ಎಡ ಹೆಗಲಿನ ಜೋಡುನಳಿಗೆ

ಭತ್ತದ ಕೊಯ್ಲಿನ ಕಾಲದಲ್ಲಿ ಹೊಸಪೇಟೆಯಿಂದ ಕಮಲಾಪುರದ ದಾರಿ ಹಿಡಿದು ಮಲಪನಗುಡಿ ದಾಟುವಾಗ ಗದ್ದೆಯಲ್ಲಿ ಸಾಲಾಗಿ ಬಗ್ಗಿ ನಿಂತವರನ್ನು ಒಮ್ಮೆ ಸುಮ್ಮನೆ ಗಮನಿಸಿ. ಹತ್ತು ಜನರಲ್ಲಿ ಒಬ್ಬರ ಕೈ ಮಾತ್ರ ಉಳಿದವರಿಗೆ ಎದುರಾಗಿ ಆಡುತ್ತಿರುತ್ತದೆ. ಎಲ್ಲರೂ ಬಲಗೈಯಲ್ಲಿ ಕುಡುಗೋಲು ಹಿಡಿದು ಎಡಗೈಯಲ್ಲಿ ತೆನೆ ತಬ್ಬಿದರೆ ಇವರದು ತಿರುಗುಮುರುಗು. ಈ ಕಡೆ ಅಂಥವರನ್ನು ರೊಡ್ಡ ಎನ್ನುತ್ತಾರೆ, ಬೇರೆ ಕಡೆ ಎಡಚ. ಹಲ್ಲು ಕಡಿದ ಕುಡುಗೋಲಿಗೆ ಒಂದೇ ಬದಿಯಲ್ಲಿ ಹಲ್ಲು ಕೊಟ್ಟಿರುತ್ತಾರೆ. ಬಲಗೈಗೆಂದು ಮಾಡಿದ್ದನ್ನು ಎಡಗೈಯಲ್ಲಿ ಹಿಡಿದರೆ ಅದು ಕೊಯ್ಯುವ ಬದಲು ಜಾರುತ್ತದೆ, ಕೈಗೆ ಬರುತ್ತದೆ. ತಿಳಿದ ಕಮ್ಮಾರನಾದರೆ ಹೆಚ್ಚು ಮಾತಿಲ್ಲದೆ ಹಲ್ಲನ್ನು ಇನ್ನೊಂದು ಬದಿಗೆ ಕಡಿದುಕೊಡುತ್ತಾನೆ. ಐದು ನಿಮಿಷದ ಕೆಲಸ.

ಅದೇ ರೊಡ್ಡನ ಕೈಗೆ ಬಂದೂಕು ಬಂದರೆ ಐದು ನಿಮಿಷದಲ್ಲಿ ಮುಗಿಯುವುದಿಲ್ಲ. ಕೆಲವೊಮ್ಮೆ ಐದು ತಿಂಗಳಿಗೂ ಮುಗಿಯುವುದಿಲ್ಲ. ಬಂದೂಕು ಹುಟ್ಟಿದ್ದೇ ಬಲಗೈಯವರ ಮನೆಯಲ್ಲಿ. ಬಿಲ್ಲಿನ ಮಾತು ಬೇರೆ. ಬಿಲ್ಲಿಗೆ ಎಡ ಬಲದ ಹಂಗು ಅಷ್ಟಾಗಿ ಇಲ್ಲ, ಕೈ ಬದಲಿಸಿ ಹಿಡಿದರೂ ಬಾಗುತ್ತದೆ. ಅರ್ಜುನ ಎರಡೂ ಕೈಯಿಂದ ಗಾಂಡೀವವನ್ನು ಸೆಳೆಯಬಲ್ಲವನಾಗಿ ಸವ್ಯಸಾಚಿ ಎನಿಸಿಕೊಂಡ. ಅವನ ಕೈಗೆ ಬತ್ತಿ ಕೋವಿ ಕೊಟ್ಟಿದ್ದರೆ ಆ ಬಿರುದು ಉಳಿಯುತ್ತಿತ್ತೋ ಇಲ್ಲವೋ!

ಬತ್ತಿ ಕೋವಿಯ ಕಾಲಕ್ಕೆ ಈ ಸೀಮೆಯೇ ಸಾಕ್ಷಿ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೋವಾ ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಬಂದೂಕುಗಾರರೂ ಕೋಟೆಗೋಡೆಯ ಮೇಲೆ ತಲೆ ಎತ್ತಿದವರನ್ನು ಒಬ್ಬೊಬ್ಬರಾಗಿ ಹೊಡೆದುರುಳಿಸಿದ್ದನ್ನು ನೂನಿಜ್ ಬರೆದಿಟ್ಟಿದ್ದಾನೆ. ಅಂಥ ಕೋವಿಗಳ ಬಲ ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲು, ಅದರಲ್ಲಿ ಚಿಟಿಕೆ ಮದ್ದು. ಉರಿಯುವ ಬತ್ತಿ ಅದರ ಮೇಲೆ ಬಿದ್ದಾಗ ಮದ್ದು ಭಗ್ಗೆಂದು ಬಲಕ್ಕೆ ಚಿಮ್ಮುತ್ತದೆ. ಬಲ ಹೆಗಲಿಗೆ ಏರಿಸಿದವನ ಮುಖ ಕೋವಿಯ ಎಡಬದಿಗೆ ಇರುವುದರಿಂದ ಅವನಿಗೆ ಕಿಡಿ ತಾಕದು. ಎಡ ಹೆಗಲಿಗೆ ಏರಿಸಿದವನ ಕೆನ್ನೆ ಕೋವಿಯ ಬಲಬದಿಗೆ, ಅಂದರೆ ನೇರವಾಗಿ ಆ ಬಟ್ಟಲಿನ ಹಿಂದೆಯೇ ಬರುತ್ತದೆ. ಚಕಮಕಿ ಕಲ್ಲಿನ ಕೋವಿ ಬಂದಾಗಲೂ ಇದೇ ಪಾಡು, ಕೇಪಿನ ಕೋವಿ ಬಂದಾಗಲೂ ಇದೇ ಪಾಡು. ಒಂಟಿ ನಳಿಗೆಯ ಕೇಪಿನ ಕೋವಿಯನ್ನು ಎಡಚನೊಬ್ಬ ಹಾರಿಸಿದರೆ ಒಡೆದ ಕೇಪಿನ ಚೂರು ಕಣ್ಣಿಗೆ ಬರುವ ಅಪಾಯ ಬಲಗೈಯವನಿಗಿಂತ ಎಷ್ಟೋ ಪಾಲು ಹೆಚ್ಚು.

ಕೇಪು ಹೋಗಿ ತೋಟಾ ಬಂದಿತು, ಬೋಲ್ಟಿನ ರೈಫಲ್ ಬಂದಿತು. ಬೋಲ್ಟಿನ ಹಿಡಿಯೂ ಬಲಕ್ಕೇ. ಎಡಚ ಒಂದು ಗುಂಡು ಹಾರಿಸಿದ ಮೇಲೆ ರೈಫಲನ್ನು ಹೆಗಲಿನಿಂದ ಇಳಿಸಬೇಕು, ಇಲ್ಲವೇ ಎಡಗೈಯನ್ನು ಮೇಲಿಂದ ಸುತ್ತಿ ಬಲಕ್ಕೆ ಚಾಚಬೇಕು. ಗುರಿ ಹಲಗೆಯ ಮುಂದೆ ಇದು ಬರಿಯ ಕಿರಿಕಿರಿ. ಗಾಯಗೊಂಡ ಪ್ರಾಣಿಯ ಮುಂದೆ ಹಾಗಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದವರಿಗೆ ಕೆನೆತ್ ಆಂಡರ್ಸನ್ ಗೊತ್ತು. ಅವರ ಕೈಯಲ್ಲಿ ಇರುತ್ತಿದ್ದ .405 ವಿಂಚೆಸ್ಟರಿನಲ್ಲಿ ಬೋಲ್ಟು ಇಲ್ಲ, ಟ್ರಿಗರಿನ ಕೆಳಗೆ ನಡುಮಧ್ಯದಲ್ಲಿ ಒಂದು ಲಿವರ್ ಇದೆ. ಆಂಡರ್ಸನ್ ಎಡಚರೆಂದಲ್ಲ. ಆದರೆ ಎಡಚನೊಬ್ಬ ಅದನ್ನು ಎತ್ತಿಕೊಂಡರೆ ಯಾರಿಗೂ ದೂರು ಹೇಳಬೇಕಾಗಿ ಬರುತ್ತಿರಲಿಲ್ಲ ಎಂಬುದು ನಿಜ.

ಜೋಡುನಳಿಗೆ ರೈಫಲ್ಲಿನ ಹಿರಿಮೆಯೂ ಇಲ್ಲಿಯೇ. ಅಕ್ಕಪಕ್ಕ ಎರಡು ನಳಿಗೆ, ಎರಡು ಟ್ರಿಗರ್, ಒಳಗೆ ಎರಡು ಪೂರ್ತಿ ಬೇರೆ ಬೇರೆ ಯಂತ್ರ. ಒಂದು ಕೈಕೊಟ್ಟರೂ ಇನ್ನೊಂದು ಇದ್ದೇ ಇರುತ್ತದೆ. ಮೊದಲ ಗುಂಡಿಗೂ ಎರಡನೆಯದಕ್ಕೂ ನಡುವೆ ಬೆರಳು ಒಂದು ಅಂಗುಲ ಸರಿದರೆ ಸಾಕು, ಕೈ ಎಲ್ಲಿಗೂ ಚಾಚಬೇಕಿಲ್ಲ. ಮೇಲುನೋಟಕ್ಕೆ ಅದಕ್ಕೆ ಎಡ ಬಲವೂ ಇಲ್ಲ, ಮಧ್ಯದಲ್ಲಿ ಗೆರೆ ಎಳೆದರೆ ಎರಡೂ ಕಡೆ ಒಂದೇ ಸಮ. ಎಡಚನಿಗೆ ಇದಕ್ಕಿಂತ ಒಳ್ಳೆಯ ಬಂದೂಕು ಇಲ್ಲ ಎಂದು ಬಹಳ ಜನ ನಂಬಿ, ಹಣ ಕೊಟ್ಟು ತಂದು, ಆಮೇಲೆ ಕೆನ್ನೆ ಊದಿಸಿಕೊಂಡಿದ್ದೂ ಇದೇ ಕಾರಣಕ್ಕೆ.

ಇಂಥ ರೈಫಲ್ಲುಗಳಿಗೆ ಕನ್ನಡ ನಾಡಿನಲ್ಲಿ ಒಂದು ಚರಿತ್ರೆಯೇ ಇದೆ. ಮೈಸೂರು ಸೀಮೆಯಲ್ಲಿ ಕಾಲುವೆಗಳ ಉಸ್ತುವಾರಿಗೆಂದು ಬಂದು ಆನೆ ಹಿಡಿಯುವುದರಲ್ಲಿ ಹೆಸರಾದ ಜಿ.ಪಿ. ಸ್ಯಾಂಡರ್ಸನ್, 1874ರಲ್ಲಿ ಚಾಮರಾಜನಗರದ ಹತ್ತಿರ ಖೆಡ್ಡಾ ನಡೆಸಿದವನು, 1878ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ನಾಲ್ಕು ಬೋರು, ಎಂಟು ಬೋರಿನ ಬಂದೂಕುಗಳ ವಿಷಯ ಬರೆದಿದ್ದಾನೆ. ಬೋರು ಎಂದರೆ ಇಷ್ಟೇ: ಒಂದು ಪೌಂಡು ಸೀಸದಲ್ಲಿ ಆ ನಳಿಗೆಗೆ ಹಿಡಿಸುವ ಎಷ್ಟು ಗುಂಡು ಆಗುತ್ತವೋ ಅಷ್ಟು ಬೋರು. ಎಂಟು ಬೋರಿನ ಒಂದು ಗುಂಡು ಸುಮಾರು 57 ಗ್ರಾಂ, ನಾಲ್ಕು ಬೋರಿನದು ಅದರ ಎರಡರಷ್ಟು. ಎಂಟು ಬೋರಿನ ಜೋಡುನಳಿಗೆಯ ತೂಕ ಏಳು ಕಿಲೋದ ಆಸುಪಾಸು. ನೆಲ್ಲು ಕುಟ್ಟುವ ಒನಕೆಯನ್ನು ಹೆಗಲಿಗೆ ಕೊಟ್ಟು ಯಾರೋ ಹಿಂದಿನಿಂದ ಗುದ್ದಿದರೆ ಹೇಗಿರುತ್ತದೋ ಅದರ ಒದೆತವೂ ಹಾಗೆ.

ಹೊಸಪೇಟೆ, ಬಳ್ಳಾರಿ, ಕಂಪ್ಲಿ ಆಗ ಮದರಾಸು ಪ್ರಾಂತ್ಯ. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ. ಬಳ್ಳಾರಿ ದಂಡಿನ ಬಿಳಿಯ ಅಧಿಕಾರಿಗಳು ಬೇಸಿಗೆಗೆ ಸಂಡೂರಿನ ರಾಮನದುರ್ಗದ ತಂಪಿಗೆ ಹತ್ತುತ್ತಿದ್ದರು. ಬಂದೂಕು ಬೇಕೆಂದರೆ ಮದರಾಸಿನ ಮೌಂಟ್ ರೋಡು. ಅಲ್ಲಿನ ಪಿ. ಓರ್ ಅಂಡ್ ಸನ್ಸ್ ಗಡಿಯಾರಕ್ಕೆ ಪ್ರಸಿದ್ಧವಾದರೂ ತನ್ನ ಹೆಸರು ಕೊರೆದ ಬಂದೂಕುಗಳನ್ನೂ ಮಾರುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲಿಷ್ ಸರ್ಕಾರ .450 ಬೋರಿನ ರೈಫಲ್ಲುಗಳನ್ನು ಹಿಂದೂಸ್ಥಾನಕ್ಕೆ ತರಬಾರದೆಂದು ತಡೆಯಿತು. ಸೈನ್ಯದ ಮಾರ್ಟಿನಿ ಹೆನ್ರಿಯದೂ ಅದೇ ಬೋರು, ಗುಂಡು ಬಂಡಾಯಗಾರರ ಕೈಸೇರೀತೆಂಬ ಭಯ. ಬಂದೂಕು ಕಂಪನಿಗಳು ಸುಮ್ಮನಿರುತ್ತವೆಯೇ? .465, .470, .475, .476 ಎಂದು ಕೂದಲೆಳೆಯಷ್ಟು ಹೆಚ್ಚಿಸಿ ಹೊಸ ಹೊಸ ಬೋರು ಹೊರಡಿಸಿದವು. ಇಂದಿಗೂ ಜಗತ್ತಿನಲ್ಲಿ ಜೋಡುನಳಿಗೆ ಎಂದರೆ ಮೊದಲು ಬಾಯಿಗೆ ಬರುವ .470ರ ಹುಟ್ಟಿಗೆ ಈ ದೇಶದ ಒಂದು ಸರ್ಕಾರಿ ಹುಕುಂ ಕಾರಣ ಎಂಬುದು ತಮಾಷೆಯ ಸಂಗತಿ.

ಇರಲಿ, ಎಡಚನ ಕಷ್ಟಕ್ಕೆ ಬರೋಣ. ಜೋಡುನಳಿಗೆಯಲ್ಲಿ ಬಲಗೈ ಎಲ್ಲೆಲ್ಲಿ ಅಡಗಿ ಕುಳಿತಿದೆ?

ಮೊದಲನೆಯದು ಹಿಂದಿನ ಮರ, ಅಂದರೆ ಸ್ಟಾಕ್. ಒಳ್ಳೆಯ ರೈಫಲ್ಲನ್ನು ಎತ್ತಿ ಹಿಂಬದಿಯಿಂದ ನಳಿಗೆಯ ನೇರಕ್ಕೆ ಕಣ್ಣಿಟ್ಟು ನೋಡಿದರೆ ಸ್ಟಾಕ್ ನೇರವಾಗಿಲ್ಲ, ಕೊಂಚ ಬಲಕ್ಕೆ ವಾಲಿದೆ ಎಂದು ಕಾಣುತ್ತದೆ. ಮೇಲ್ತುದಿಯಲ್ಲಿ ಕಾಲು ಅಂಗುಲ, ಕೆಳತುದಿಯಲ್ಲಿ ಅದಕ್ಕಿಂತ ಒಂದು ನೂಲು ಹೆಚ್ಚು. ತಯಾರಕನ ತಪ್ಪಲ್ಲ, ಬೇಕೆಂದೇ ಮಾಡಿದ್ದು. ಬಲ ಹೆಗಲಿಗೆ ಕೋವಿ ಕೊಟ್ಟು ಕೆನ್ನೆ ಆನಿಸಿದಾಗ ಬಲಗಣ್ಣು ಸ್ಟಾಕಿನ ನಡುಗೆರೆಯ ಮೇಲೆ ಬರುವುದಿಲ್ಲ, ಸ್ವಲ್ಪ ಎಡಕ್ಕೆ ನಿಲ್ಲುತ್ತದೆ. ಸ್ಟಾಕನ್ನು ಬಲಕ್ಕೆ ವಾಲಿಸಿದರೆ ಮುಖವೂ ಅಷ್ಟು ಬಲಕ್ಕೆ ಸರಿದು ಕಣ್ಣು ನಳಿಗೆಗಳ ನಡುವಿನ ಪಟ್ಟಿಯ ನೇರಕ್ಕೆ ತಾನಾಗಿ ಬಂದು ಕೂರುತ್ತದೆ. ಕೋವಿ ಎತ್ತಿದೊಡನೆ ಗುರಿ ಸಿಕ್ಕಿತು ಎನ್ನುತ್ತಾರಲ್ಲ, ಅದರ ಗುಟ್ಟು ಇದು.

ಈಗ ಅದನ್ನೇ ಎಡ ಹೆಗಲಿಗೆ ಏರಿಸಿ. ಎಡಗಣ್ಣು ಮೊದಲೇ ನಡುಗೆರೆಯಿಂದ ಬಲಕ್ಕೆ ನಿಂತಿರುತ್ತದೆ. ಸ್ಟಾಕ್ ಬಲಕ್ಕೆ ವಾಲಿರುವುದರಿಂದ ಇನ್ನಷ್ಟು ಬಲಕ್ಕೆ ಹೋಗುತ್ತದೆ. ನಿಧಾನವಾಗಿ ಹಿಂದಿನ ಸೀಳಿಗೂ ಮುಂದಿನ ಮಣಿಗೂ ಕಣ್ಣು ಹೊಂದಿಸಿ ಹೊಡೆಯುವುದಾದರೆ ಕತ್ತು ತಿರುಚಿ ಹೇಗೋ ಸರಿಮಾಡಿಕೊಳ್ಳಬಹುದು. ಆದರೆ ಜೋಡುನಳಿಗೆ ಇರುವುದೇ ನಿಧಾನಕ್ಕೆ ಸಮಯ ಇಲ್ಲದ ಕ್ಷಣಕ್ಕೆ. ಕಣ್ಣಿಂದ ಮಣಿಗೆ ಸುಮಾರು 34 ಅಂಗುಲ ದೂರ ಎಂದಿಟ್ಟುಕೊಂಡರೆ, ಕಣ್ಣು ಕಾಲು ಅಂಗುಲ ಪಕ್ಕಕ್ಕೆ ಸರಿದಿದ್ದರೆ 20 ಗಜದಲ್ಲಿ ಗುಂಡು ಐದು ಅಂಗುಲಕ್ಕೂ ಹೆಚ್ಚು ಬಲಕ್ಕೆ ಹೋಗುತ್ತದೆ. ಕಾಗದದ ಮೇಲೆ ಐದು ಅಂಗುಲ ಏನೂ ಅಲ್ಲ. ಎದುರಿಗೆ ಬರುವ ಆನೆಯ ಹಣೆಯಲ್ಲಿ ಅದು ಮಿದುಳಿಗೂ ಬರಿ ಎಲುಬಿಗೂ ನಡುವಿನ ಅಂತರ.

ಇನ್ನು ಕೆನ್ನೆ. ಬಲಗೈ ಸ್ಟಾಕಿನ ಎಡಬದಿಗೆ ಕೆನ್ನೆ ಒರಗಿಸಲು ಉಬ್ಬು ಬಿಟ್ಟಿರುತ್ತಾರೆ. ಎಡಚನ ಕೆನ್ನೆ ಒರಗುವ ಬಲಬದಿ ಬೋಳು. ಮೇಲಿಂದ ಸ್ಟಾಕು ವಾಲಿರುವುದು ಅವನ ಮುಖದ ಕಡೆಗೇ ಆದ್ದರಿಂದ ಒದೆತದ ಪೆಟ್ಟು ಹೆಗಲಿಗಿಂತ ಮೊದಲು ದವಡೆಗೆ ತಾಕುತ್ತದೆ. ನಾಲ್ಕು ಗುಂಡು ಹೊಡೆದ ಎಡಚ ಐದನೆಯದಕ್ಕೆ ತಾನರಿಯದೆ ಮುಖ ಎತ್ತುತ್ತಾನೆ. ಮುಖ ಎತ್ತಿದರೆ ಗುಂಡು ಮೇಲೆ ಹೋಗುತ್ತದೆ. ಇವನಿಗೆ ಗುರಿ ಬರದು ಎಂದು ನೋಡಿದವರು ತೀರ್ಪು ಕೊಡುತ್ತಾರೆ.

ಇದಕ್ಕೆ ಮಾಡುವ ಮದ್ದು ಎರಡು. ಒಂದು ಇದ್ದ ಸ್ಟಾಕನ್ನೇ ಬಗ್ಗಿಸುವುದು, ಇನ್ನೊಂದು ಹೊಸದು ಕಡೆಯುವುದು.

ಬಗ್ಗಿಸುವುದು ಹಳೆಯ ವಿದ್ಯೆ. ಸ್ಟಾಕಿನ ಕುತ್ತಿಗೆಗೆ, ಅಂದರೆ ಕೈ ಹಿಡಿಯುವ ಸಣ್ಣ ಭಾಗಕ್ಕೆ, ಬಟ್ಟೆ ಸುತ್ತಿ ಅಗಸೆ ಎಣ್ಣೆ ಬಿಸಿಮಾಡಿ ಹನಿಹನಿಯಾಗಿ ಮೇಲೆ ಸುರಿಯುತ್ತಾ ಹೋಗುತ್ತಾರೆ. ಅಕ್ರೋಟು ಮರ ಬಿಸಿಯೇರಿ ಒಳಗಿಂದ ಮೆತ್ತಗಾದಾಗ ಹಿಡಿಕಟ್ಟಿನಲ್ಲಿ ಸಿಕ್ಕಿಸಿ ತಿರುಪನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾರೆ. ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚೇ ಬಗ್ಗಿಸಬೇಕು, ಬಿಟ್ಟ ಮೇಲೆ ಮರ ಕೊಂಚ ಹಿಂದಕ್ಕೆ ಬರುತ್ತದೆ. ರಾತ್ರಿಯೆಲ್ಲ ಹಾಗೆಯೇ ಆರಲು ಬಿಡಬೇಕು. ಈಗ ಎಣ್ಣೆಯ ಬದಲು ಆವಿಯನ್ನೋ ಇನ್‌ಫ್ರಾರೆಡ್ ದೀಪವನ್ನೋ ಬಳಸುವವರಿದ್ದಾರೆ. ಬಳೆಗಾರ ಬಳೆ ತೊಡಿಸುವಾಗಿನ ಸಾವಧಾನ ಇದಕ್ಕೆ ಬೇಕು. ಅವಸರಪಟ್ಟರೆ ಚಟ್ಟೆಂದು ಸೀಳುತ್ತದೆ.

ಆದರೆ ಇದೇ ಮದ್ದು ಹಕ್ಕಿ ಹೊಡೆಯುವ ಹನ್ನೆರಡು ಬೋರಿನ ಕೋವಿಗೆ ಹೊಂದುವಷ್ಟು ದೊಡ್ಡ ಬೋರಿನ ರೈಫಲ್ಲಿಗೆ ಹೊಂದುವುದಿಲ್ಲ. ಬಲಕ್ಕೆ ಕಾಲು ಅಂಗುಲ ವಾಲಿದ್ದನ್ನು ಎಡಕ್ಕೆ ಕಾಲು ಅಂಗುಲ ವಾಲಿಸಬೇಕೆಂದರೆ ಒಟ್ಟು ಅರ್ಧ ಅಂಗುಲದ ಲೆಕ್ಕ. ಮೇಲಾಗಿ ಭಾರಿ ಒದೆತಕ್ಕೆ ಕುತ್ತಿಗೆ ಮುರಿಯದಿರಲೆಂದು ಇಂಥ ಅನೇಕ ರೈಫಲ್ಲುಗಳಲ್ಲಿ ಕಬ್ಬಿಣದ ಪಟ್ಟಿಯೊಂದನ್ನು ಮರದ ಬೆನ್ನಿನ ಮೇಲೆ ಉದ್ದಕ್ಕೆ ಹಾಯಿಸಿರುತ್ತಾರೆ. ಮರ ಬಗ್ಗಿದರೆ ಸಾಲದು, ಆ ಪಟ್ಟಿಯೂ ಬಗ್ಗಬೇಕು, ಅದರ ತಿರುಪುಗಳ ತೂತುಗಳೂ ಹೊಂದಬೇಕು. ನೂರು ವರ್ಷದ ಹಿಂದಿನ ಮರ ಒಣಗಿ ಬಂದೂಕಿನೆಣ್ಣೆ ಕುಡಿದು ಕಪ್ಪಾಗಿರುತ್ತದೆ. ಬಗ್ಗಿತೆಂದೇ ತೋರಿ, ಮೂರನೆಯ ಗುಂಡಿಗೆ ಪಟ್ಟಿಯ ಹಿಂದೆ ಕೂದಲಿನಂಥ ಬಿರುಕು ಕಾಣಿಸಿಕೊಳ್ಳುವುದುಂಟು. ದೊಡ್ಡ ಬೋರಿಗೆ ಬಗ್ಗಿಸುವ ಉಸಾಬರಿಗೆ ಹೋಗದಿರುವುದೇ ಲೇಸು.

ಹೊಸ ಸ್ಟಾಕಿನ ಕೆಲಸ ನೋಡುವಂಥದ್ದು. ಕುತ್ತಿಗೆಯ ಭಾಗದಲ್ಲಿ ಎಳೆ ನೇರವಾಗಿ ಓಡುವ, ಹಿಂಭಾಗದಲ್ಲಿ ಬೇಕಾದರೆ ಚಿತ್ತಾರ ಇರುವ ಅಕ್ರೋಟಿನ ದಿಮ್ಮಿ ಆರಿಸಬೇಕು. ಕುತ್ತಿಗೆಯಲ್ಲೇ ಚಿತ್ತಾರ ಹುಡುಕುವವನು ಬಂದೂಕಿನವನಲ್ಲ, ಪೀಠೋಪಕರಣದವನು. ಕಬ್ಬಿಣದ ಭಾಗಕ್ಕೆ ದೀಪದ ಮಸಿ ಹಿಡಿಸಿ ಮರದ ಗುಳಿಯಲ್ಲಿ ಇಟ್ಟು ತಟ್ಟಿ ತೆಗೆಯುತ್ತಾರೆ. ಎಲ್ಲಿ ಮಸಿ ಅಂಟಿತೋ ಅಲ್ಲಿ ಉಳಿಯಿಂದ ಒಂದು ಪದರ ಕೆರೆಯುತ್ತಾರೆ. ಮತ್ತೆ ಮಸಿ, ಮತ್ತೆ ತಟ್ಟುವುದು, ಮತ್ತೆ ಕೆರೆಯುವುದು. ಕಬ್ಬಿಣದ ಹಿಂಬದಿ ಅಷ್ಟೂ ಅಗಲಕ್ಕೆ ಮರಕ್ಕೆ ಸಮನಾಗಿ ತಾಕುವ ತನಕ ಇದು ನಡೆಯುತ್ತದೆ. ಒಂದು ಮೂಲೆ ಮಾತ್ರ ತಾಕಿದ್ದರೆ ಒದೆತವೆಲ್ಲ ಆ ಮೂಲೆಗೆ ಬಿದ್ದು ಮರ ಸೀಳುತ್ತದೆ. ಎಡಕ್ಕೆ ವಾಲಿದ, ಬಲಬದಿಗೆ ಕೆನ್ನೆಯುಬ್ಬು ಇರುವ ಸ್ಟಾಕ್ ಹೀಗೆ ಸಿದ್ಧವಾಗುತ್ತದೆ.

ಅದಕ್ಕೂ ಮೊದಲು ಅಳತೆ ತೆಗೆಯಬೇಕಷ್ಟೆ. ವಿಲಾಯತಿಯ ಅಂಗಡಿಗಳಲ್ಲಿ ಕೀಲು ಕೀಲಾಗಿ ತಿರುಗುವ ಅಳತೆಯ ಕೋವಿಯೊಂದನ್ನು ಇಟ್ಟುಕೊಂಡಿರುತ್ತಾರೆ. ಗಿರಾಕಿಯ ಹೆಗಲಿಗೆ ಅದನ್ನು ಕೊಟ್ಟು ಉದ್ದ, ಇಳಿಜಾರು, ವಾಲು ಎಲ್ಲವನ್ನೂ ತಿರುಪಿನಿಂದ ಹೊಂದಿಸಿ ಬರೆದುಕೊಳ್ಳುತ್ತಾರೆ. ದರ್ಜಿಯ ಅಂಗಡಿಯಲ್ಲಿ ಅಂಗಿಯ ಅಳತೆ ಕೊಟ್ಟಂತೆ.

ಟ್ರಿಗರಿನ ವಿಷಯ ಸಣ್ಣದು, ಆದರೂ ಹೇಳಬೇಕು. ವಾಡಿಕೆಯಲ್ಲಿ ಮುಂದಿನ ಟ್ರಿಗರ್ ಬಲ ನಳಿಗೆಯನ್ನೂ ಹಿಂದಿನದು ಎಡ ನಳಿಗೆಯನ್ನೂ ಹಾರಿಸುತ್ತದೆ. ಎರಡೂ ಬಲಗೈ ಬೆರಳಿಗೆ ಹೊಂದುವಂತೆ ಕೊಂಚ ಓರೆಯಾಗಿ ಕೂತಿರುತ್ತವೆ. ಎಡಚನಿಗೆಂದೇ ಮೊದಲಿನಿಂದ ಮಾಡಿದ ಬಂದೂಕಿನಲ್ಲಿ ಇವೆಲ್ಲ ಅದಲುಬದಲು. ಹಳೆಯದನ್ನು ತಿದ್ದುವಾಗ ಟ್ರಿಗರಿನ ಓರೆಯನ್ನು ಬದಲಿಸುವುದು ಸುಲಭ, ಯಾವುದು ಯಾವ ನಳಿಗೆಗೆ ಎಂಬುದನ್ನು ಬದಲಿಸುವುದು ಕಷ್ಟ, ಬದಲಿಸದಿದ್ದರೂ ಪ್ರಾಣ ಹೋಗುವುದಿಲ್ಲ. ಬೀಗ ಬಿಚ್ಚುವ ಮೇಲಿನ ಲಿವರ್ ಕೂಡ ಹಾಗೆಯೇ. ಬಲ ಹೆಬ್ಬೆರಳಿನಿಂದ ಬಲಕ್ಕೆ ತಳ್ಳುವಂತೆ ಅದನ್ನು ಮಾಡಿದ್ದಾರೆ. ಎಡ ಹೆಬ್ಬೆರಳಿನವನು ಎಳೆದುಕೊಳ್ಳಬೇಕು. ಅದನ್ನು ಎಡಕ್ಕೆ ತಿರುಗುವಂತೆ ಮಾಡಲು ಒಳಗಿನ ಉಕ್ಕನ್ನೇ ಹೊಸದಾಗಿ ಕೊರೆಯಬೇಕು. ಹತ್ತು ದಿನದ ಅಭ್ಯಾಸದಲ್ಲಿ ತೀರುವ ತೊಂದರೆಗೆ ಅಷ್ಟು ಖರ್ಚು ದಂಡ. ಸೇಫ್ಟಿಯ ಗುಂಡಿಯಂತೂ ನಡುಮಧ್ಯದಲ್ಲೇ ಇದೆ.

ಎಲ್ಲರೂ ಮರೆಯುವುದು ಕೊನೆಯ ಸಂಗತಿಯನ್ನು. ಎರಡು ನಳಿಗೆಗಳನ್ನು ರೈಲು ಹಳಿಯಂತೆ ಸಮವಾಗಿ ಬೆಸೆದಿರುತ್ತಾರೆಂದು ಜನ ತಿಳಿಯುತ್ತಾರೆ. ಹಾಗಿಲ್ಲ. ತುದಿಯಲ್ಲಿ ಅವು ಕೊಂಚ ಒಂದರ ಕಡೆಗೆ ಒಂದು ಬಾಗಿವೆ. ಬಲ ನಳಿಗೆ ಹಾರಿದಾಗ ಇಡೀ ರೈಫಲ್ ಮೇಲಕ್ಕೂ ಬಲಕ್ಕೂ ತಿರುಗುತ್ತದೆ, ಎಡದ್ದು ಹಾರಿದಾಗ ಎಡಕ್ಕೆ. ಗುಂಡು ನಳಿಗೆ ಬಿಡುವ ಮೊದಲೇ ಈ ತಿರುಗು ಶುರುವಾಗಿರುವುದರಿಂದ ಅದನ್ನು ಸರಿದೂಗಿಸಲು ಈ ಬಾಗು. ನಳಿಗೆಗಳ ಬಾಯಿಯ ನಡುವೆ ಚಿಕ್ಕ ಬೆಣೆ ಇರುತ್ತದೆ. ಕುಶಲಿಯೊಬ್ಬ ಗುರಿ ಹಲಗೆಗೆ ಹೊಡೆದು ನೋಡಿ, ಬೆಸುಗೆ ಕರಗಿಸಿ, ಬೆಣೆಯನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಹೊಡೆದು, 50ರಿಂದ 100 ಗಜದ ದೂರದಲ್ಲಿ ಎರಡೂ ನಳಿಗೆಯ ಗುಂಡು ಒಂದೇ ಕಡೆ ಬೀಳುವ ತನಕ ದಿನಗಟ್ಟಲೆ ಕೂರುತ್ತಾನೆ. ಇದು ಒಂದೇ ಬಗೆಯ ತೋಟಾಕ್ಕೆ ಸರಿ. .470ಕ್ಕೆ 500 ಗ್ರೇನಿನ, ಅಂದರೆ ಸುಮಾರು 32 ಗ್ರಾಂ ಗುಂಡು, ಸೆಕೆಂಡಿಗೆ 650 ಮೀಟರಿನ ಸುಮಾರಿನ ವೇಗ ಎಂಬ ಲೆಕ್ಕಕ್ಕೆ ಕೂರಿಸಿದ್ದನ್ನು ಬೇರೆ ತೋಟಾ ಹಾಕಿ ಹೊಡೆದರೆ ಎರಡು ನಳಿಗೆಗಳು ಎರಡು ಊರಿನ ದಾರಿ ಹಿಡಿಯುತ್ತವೆ.

ಬಳ್ಳಾರಿ ಸೀಮೆಯ ಬಿಸಿಲಿಗೂ ಇದಕ್ಕೂ ನಂಟಿದೆ. ಆ ಕಾಲದ ಕಾರ್ಡೈಟ್ ಮದ್ದು ಬಿಸಿಲಿಗೆ ಸೊಕ್ಕುವಂಥದ್ದು. ಲಂಡನ್ನಿನ ಚಳಿಯಲ್ಲಿ ಸರಿಯಾಗಿದ್ದ ತೋಟಾ 40 ಡಿಗ್ರಿ ಬಿಸಿಲಿನಲ್ಲಿ ಒತ್ತಡ ಹೆಚ್ಚಿಸಿಕೊಂಡು ಖಾಲಿ ಹಿತ್ತಾಳೆ ಚಿಪ್ಪು ನಳಿಗೆಯಲ್ಲೇ ಕಚ್ಚಿಕೊಳ್ಳುತ್ತಿತ್ತು. ಅದಕ್ಕೆಂದೇ ಉಷ್ಣ ದೇಶದ ತೋಟಾ ಎಂದು ಮದ್ದು ಕಡಿಮೆ ಮಾಡಿ ಬೇರೆಯೇ ಮಾರಿದರು, ಬಂದೂಕಿನ ಬೆಣೆಯನ್ನೂ ಅದಕ್ಕೆ ತಕ್ಕಂತೆ ಕೂರಿಸಿದರು.

ಒದೆತಕ್ಕೆ ರೈಫಲ್ ಹೇಗೆ ತಿರುಗುತ್ತದೆ ಎಂಬುದರಲ್ಲಿ ಹಿಂದೆ ನಿಂತ ಮನುಷ್ಯನ ಪಾಲೂ ಇದೆ. ಅವನ ಹೆಗಲು ಇರುವ ಕಡೆ ತಡೆ ಹೆಚ್ಚು, ಇಲ್ಲದ ಕಡೆ ಕಡಿಮೆ. ಬಲ ಹೆಗಲಿನವನು ಹೊಡೆದು ಕೂರಿಸಿದ ನಳಿಗೆಗಳಿಗೆ ಎಡಕ್ಕೆ ವಾಲಿದ ಸ್ಟಾಕ್ ಹಾಕಿ ಎಡ ಹೆಗಲಿಗೆ ಕೊಟ್ಟರೆ ಗುಂಡುಗಳು ಮೊದಲಿನ ಕಡೆಗೇ ಬೀಳುತ್ತವೆಂದು ಯಾರೂ ಬರೆದು ಕೊಡುವುದಿಲ್ಲ. ಬೀಳಲೂಬಹುದು. ಹೊಡೆದು ನೋಡಿಯೇ ತಿಳಿಯಬೇಕು. ಸ್ಟಾಕ್ ಬದಲಿಸಿ, ಪಾಲಿಶ್ ಹೊಡೆದು, ಹೊಡೆದು ನೋಡದೆಯೇ ಪೆಟ್ಟಿಗೆಯಲ್ಲಿಟ್ಟು ಕೊಡುವ ಕೆಲಸಗಾರ ಅರ್ಧ ಕೂಲಿಗೂ ಯೋಗ್ಯನಲ್ಲ.

ಇಷ್ಟೆಲ್ಲ ಮಾಡುವ ಮೊದಲು ಇನ್ನೊಂದು ಪರೀಕ್ಷೆ ಇದೆ, ಅದಕ್ಕೆ ಕಾಸೂ ಬೇಡ, ಪರವಾನಗಿಯೂ ಬೇಡ. ಎರಡು ಅಂಗೈ ಚಾಚಿ ಹೆಬ್ಬೆರಳುಗಳ ಸಂದಿನಲ್ಲಿ ಒಂದು ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ದೂರದ ಮಾಲ್ಯವಂತದ ಗೋಪುರವನ್ನೋ ತೆಂಗಿನ ಮರವನ್ನೋ ನೋಡಿ. ಈಗ ಎಡಗಣ್ಣು ಮುಚ್ಚಿ. ಗೋಪುರ ಅಲ್ಲೇ ಇದ್ದರೆ ನಿಮ್ಮ ಬಲಗಣ್ಣು ಯಜಮಾನ, ಮಾಯವಾದರೆ ಎಡಗಣ್ಣು. ಎಡಗೈಯವರಿಗೆಲ್ಲ ಎಡಗಣ್ಣೇ ಯಜಮಾನ ಎಂದೇನಿಲ್ಲ, ಬಲಗೈಯವರಲ್ಲೂ ಎಡಗಣ್ಣಿನವರು ಬಹಳ. ಇಂಥವರಿಗೆ ಬೇಕಾಗುವ ಸ್ಟಾಕೇ ಬೇರೆ. ಬಲಗಣ್ಣು ಕಳೆದುಕೊಂಡೂ ಬಲ ಹೆಗಲು ಬಿಡದ ಬೇಟೆಗಾರರಿಗಾಗಿ ಹಾವಿನಂತೆ ಡೊಂಕು ತೆಗೆದ ಸ್ಟಾಕುಗಳನ್ನು ಮಾಡಿದ್ದುಂಟು. ಬಟ್ಟು ಬಲ ಹೆಗಲಿಗೆ, ನಳಿಗೆ ಎಡಗಣ್ಣಿಗೆ. ನೋಡಲು ವಿಚಿತ್ರ, ಮಾಡಲು ಇನ್ನೂ ವಿಚಿತ್ರ, ಬೆಲೆಯಂತೂ ಕೇಳುವುದೇ ಬೇಡ.

ಇಷ್ಟು ರಗಳೆ ಯಾಕೆ, ಎಡಚನೇ ಬಲ ಹೆಗಲಿನಿಂದ ಹೊಡೆಯಲು ಕಲಿಯಬಾರದೇ ಎಂದು ಕೇಳುವವರಿದ್ದಾರೆ. ಕಲಿಯಬಹುದು, ಬಹಳ ಜನ ಕಲಿತಿದ್ದಾರೆ. 1985ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಎಸ್‌ಎ80 ರೈಫಲ್ಲಿನ ಖಾಲಿ ಚಿಪ್ಪು ಬಲಕ್ಕೆ, ಎಡಚನ ಮುಖ ಇರುವ ಜಾಗಕ್ಕೇ ಎಗರುವುದರಿಂದ ಅಲ್ಲಿ ಎಡಚ ಸಿಪಾಯಿಗಳೂ ಬಲ ಹೆಗಲಿನಿಂದಲೇ ಹೊಡೆಯಬೇಕಾಯಿತು. ನಮ್ಮ ಶಾಲೆಗಳಲ್ಲಿ ಎಡಗೈಯಲ್ಲಿ ಬಳಪ ಹಿಡಿದ ಮಕ್ಕಳ ಬೆರಳ ಗೆಣ್ಣಿಗೆ ಬಿದ್ದ ರೂಲುದೊಣ್ಣೆಯ ಪೆಟ್ಟುಗಳೂ ಇದೇ ಜಾತಿಯವು. ತಣ್ಣಗಿರುವಾಗ ಕಲಿತ ಕೈ ಹೇಳಿದಂತೆ ಕೇಳುತ್ತದೆ. ಭಯ ಬಿದ್ದಾಗ ಮನುಷ್ಯ ಹುಟ್ಟುಗೈಗೆ ಮರಳುತ್ತಾನೆ, ಜೋಡುನಳಿಗೆಯನ್ನು ಎತ್ತುವುದು ಭಯ ಬಿದ್ದಾಗಲೇ. ಚಿಕ್ಕಂದಿನಿಂದ ಬಲ ಹೆಗಲಿಗೆ ಒಗ್ಗಿದವನು, ಅದರಲ್ಲೂ ಬಲಗಣ್ಣಿನವನು, ಹಾಗೆಯೇ ಮುಂದುವರಿಯಲಿ. ಬೆಳೆದ ಮೇಲೆ ಕೈ ತಿದ್ದಿಕೊಳ್ಳುವುದಕ್ಕಿಂತ ಮರ ತಿದ್ದುವುದು ಅಗ್ಗ.

ಇದಕ್ಕೆ ಅಪವಾದದಂತೆ ಜಿಮ್ ಕಾರ್ಬೆಟ್ಟರ ಪ್ರಸಂಗ ನೆನಪಾಗುತ್ತದೆ. 1930ರಲ್ಲಿ ಚೌಗಢದ ನರಭಕ್ಷಕ ಹೆಣ್ಣುಹುಲಿ ಎದುರಾದಾಗ ಅವರ ಎಡಗೈಯಲ್ಲಿ ಹಕ್ಕಿಯ ಮೊಟ್ಟೆಗಳಿದ್ದವು, ರೈಫಲ್ ಬಲಗೈಯಲ್ಲಿ. ಒಂದೇ ಕೈಯಲ್ಲಿ ಮೆಲ್ಲಗೆ ತಿರುಗಿಸಿ ಹೊಡೆದರು, ಹುಲಿ ಬಿತ್ತು. ಅದು ಹಗುರ .275 ರಿಗ್ಬಿ. ಅವರ ಬಳಿಯೇ ಇದ್ದ .450/400 ಜೋಡುನಳಿಗೆ ಆಗ ಕೈಯಲ್ಲಿದ್ದಿದ್ದರೆ ಒಂದೇ ಕೈಯಲ್ಲಿ ತಿರುಗಿಸುವುದು ಸಾಧ್ಯವಿತ್ತೇ ಎಂಬುದು ಅನುಮಾನ.

ಇವತ್ತು ಈ ರೈಫಲ್ಲುಗಳಿಗೆ ಕೆಲಸವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿ ಮುಗಿಯಿತು. ಮಲಪನಗುಡಿಯಿಂದ ಅಷ್ಟೇನೂ ದೂರವಿಲ್ಲದ ದರೋಜಿಯ ಗುಡ್ಡಗಳು 1994ರಿಂದ ಕರಡಿಧಾಮ. ಸಂಡೂರು ಮನೆತನದ ಎಂ.ವೈ. ಘೋರ್ಪಡೆಯವರು ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದವರು. ಬಂದೂಕು ಹಿಡಿದ ಪೀಳಿಗೆಯ ನಂತರ ಅವರು ಕ್ಯಾಮೆರಾ ಹಿಡಿದು ಕಾಡಿಗೆ ಹೋದರು. ಅವರ ವನ್ಯಜೀವಿ ಚಿತ್ರಗಳ ಪುಸ್ತಕ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಬಂತು. ಕ್ಯಾಮೆರಾದ ಗುಂಡಿಯೂ ಬಲಗಡೆಗೇ ಇದೆ ಎಂಬುದನ್ನು ಎಡಚ ಓದುಗರು ಈಗಾಗಲೇ ಗಮನಿಸಿರಬಹುದು.

ಆದರೂ ಹಳೆಯ ಮನೆಗಳಲ್ಲಿ ಅಜ್ಜನ ಜೋಡುನಳಿಗೆ ಉಳಿದಿವೆ. ಆಯುಧಪೂಜೆಗೆ ಒಮ್ಮೆ ಹೊರಗೆ ಬರುತ್ತವೆ. ಮೊಮ್ಮಗ ಎಡಚನಾಗಿದ್ದರೆ, ಅವನಿಗೆ ಗುರಿ ಅಭ್ಯಾಸದ ಆಸೆಯೂ ಇದ್ದರೆ, ಮೊದಲ ಯೋಚನೆ ಸ್ಟಾಕನ್ನು ಬಡಗಿಯ ಹತ್ತಿರ ಕೊಟ್ಟು ಕೆತ್ತಿಸುವುದು. ಹಾಗೆ ಮಾಡಬಾರದು. 1959ರ ಆಯುಧ ಕಾಯ್ದೆಯ ಐದನೆಯ ಕಲಮಿನ ಪ್ರಕಾರ ಬಂದೂಕಿನ ತಯಾರಿಕೆ, ಮಾರಾಟ ಮಾತ್ರವಲ್ಲ, ದುರಸ್ತಿ, ಬದಲಾವಣೆ, ಪರೀಕ್ಷೆಗಳನ್ನು ಕಸುಬಾಗಿ ಮಾಡುವವನಿಗೂ ಪರವಾನಗಿ ಇರಬೇಕು. ಬಡಗಿಗೆ ಅದು ಇರುವುದಿಲ್ಲ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರ ಇಟ್ಟುಕೊಳ್ಳಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದಿವೆ. ಅನೇಕರು ಅಜ್ಜನದನ್ನು ಮಾರಿದ್ದಾರೆ, ಇಟ್ಟುಕೊಂಡವರಿಗೆ ಅದು ಇನ್ನಷ್ಟು ಅಮೂಲ್ಯ.

ಅಂಥ ಬಂದೂಕಿನ ಹಳೆಯ ಸ್ಟಾಕನ್ನು ಕೆತ್ತಿಸುವುದೂ ಬೇಡ, ಬಗ್ಗಿಸುವುದೂ ಬೇಡ. ಅದರಲ್ಲಿ ಒಬ್ಬ ಮನುಷ್ಯನ ತೋಳಿನ ಉದ್ದ, ಕತ್ತಿನ ಉದ್ದ, ದವಡೆಯ ಅಗಲ ಎಲ್ಲ ಬರೆದಿಟ್ಟಂತೆ ಇದೆ. ಒಮ್ಮೆ ಕೆತ್ತಿದರೆ ಅಜ್ಜನದೂ ಅಲ್ಲ, ಮೊಮ್ಮಗನದೂ ಅಲ್ಲ. ಪರವಾನಗಿ ಇರುವ ಕುಶಲಿಯ ಕೈಯಲ್ಲಿ ಎಡಕ್ಕೆ ವಾಲಿದ ಎರಡನೆಯ ಸ್ಟಾಕೊಂದನ್ನು ಮಾಡಿಸುವುದು ಸರಿ. ಆಸ್ಟ್ರಿಯಾದ ಫೆರ್ಲಾಖ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಂಥ ಊರುಗಳಲ್ಲಿ ಇಂದಿಗೂ ಈ ಕೆಲಸ ನಡೆಯುತ್ತದೆ. ಇಲ್ಲಿಯೂ ಬೆರಳೆಣಿಕೆಯ ಕೈಗಳು ಉಳಿದಿವೆ. ಹಳೆಯ ಸ್ಟಾಕಿಗೆ ಅಗಸೆ ಎಣ್ಣೆ ಒರೆಸಿ, ಒಣ ಬಟ್ಟೆ ಸುತ್ತಿ, ಗೆದ್ದಲು ಹತ್ತದ ಕಡೆ ಇಡಬೇಕು. ಗೋಡೆಗೆ ಆನಿಸಿ ನಿಲ್ಲಿಸಿದರೆ ಡೊಂಕಾಗುತ್ತದೆ, ಮಲಗಿಸಿಯೇ ಇಡಬೇಕು. ತೆಗೆದ ತಿರುಪುಗಳನ್ನು ಬೇರೆ ಬೇರೆ ಚೀಟಿ ಕಟ್ಟಿ ಅದರ ಜೊತೆಗೇ ಇಡಬೇಕು. ಕೈಯಿಂದ ಮಾಡಿದ ಬಂದೂಕಿನಲ್ಲಿ ಒಂದು ತೂತಿನ ತಿರುಪು ಇನ್ನೊಂದಕ್ಕೆ ಕೂರುವುದಿಲ್ಲ.